ಬೆಂಗಳೂರು ಬ್ಲೂ ಕಿತ್ತು ಶಿರಾಜ್ ಹಾಕಿದ್ದು - ನನ್ನ ಅನುಭವ

ನಮ್ದು ದೊಡ್ಡಬಳ್ಳಾಪುರದ ಹತ್ರ, ನಂದಿ ಬೆಟ್ಟ ಕಾಣೋ ಕಡೆ ಜಮೀನು. ಅಪ್ಪನ ಕಾಲದಿಂದ ದ್ರಾಕ್ಷಿನೇ, ಕಲ್ಲು ಕಂಬ ನೆಟ್ಟು ತಂತಿ ಚಪ್ಪರ ಕಟ್ಟಿ ಬೆಳೆಯೋ ಬೆಂಗಳೂರು ಬ್ಲೂ. ಅದರಲ್ಲಿ ಒಂದೂವರೆ ಎಕರೆ ಕಿತ್ತು ವೈನ್ ದ್ರಾಕ್ಷಿ ಹಾಕಿ ಎಂಟು ವರ್ಷ ಆಯ್ತು, ಒಂದು ಎಕರೆ ಶಿರಾಜ್, ಅರ್ಧ ಎಕರೆ ಕ್ಯಾಬರ್ನೆ ಸಾವಿನ್ಯೋನ್. ನಮ್ಮ ಕಡೆ ಈ ಫ್ರೆಂಚ್ ತಳಿಗಳು ಹೊಸದೇನಲ್ಲ, ಗ್ರೋವರ್ ಅನ್ನೋ ವೈನ್ ಕಂಪನಿಯವರು 1988ರಲ್ಲೇ ಇಲ್ಲಿ ತೋಟ ಮಾಡಿದ್ರು, 2007ರಲ್ಲಿ ಸರ್ಕಾರ ವೈನ್ ಪಾಲಿಸಿ ತಂದ್ಮೇಲೆ ನಮ್ಮಂಥ ಸಣ್ಣ ರೈತರೂ ಆ ಕಡೆ ನೋಡೋಕೆ ಶುರು ಮಾಡಿದ್ರು. ಈಗ ಹಾಕ್ಬೇಕು ಅಂತ ಇರೋರು ವಾರಕ್ಕೊಬ್ರಾದ್ರೂ ತೋಟಕ್ಕೆ ಬಂದು ಕೇಳ್ತಾರೆ, ಅದಕ್ಕೆ ಗೊತ್ತಿರೋದಷ್ಟೂ ಒಂದ್ಸಲ ಬರೆದಿಡೋಣ ಅಂತ ಕೂತಿದೀನಿ.

ಮೊದಲನೇ ಮಾತು, ಚಪ್ಪರದ ದ್ರಾಕ್ಷಿ ಬೆಳೆದ ಕೈಗೆ ವೈನ್ ದ್ರಾಕ್ಷಿ ಕಷ್ಟ. ಗೊತ್ತಿಲ್ದೆ ಕಷ್ಟ ಅಲ್ಲ, ಗೊತ್ತಿರೋದೇ ಅಡ್ಡ ಬರುತ್ತೆ. ನಮಗೆ ಚಿಕ್ಕಂದಿನಿಂದ ಅಭ್ಯಾಸ ಆಗಿರೋದು ಹೆಚ್ಚು ಗೊಬ್ಬರ, ಹೆಚ್ಚು ನೀರು, ಗೊಂಚಲು ತೂಗ್ಬೇಕು, ಲಾರಿ ತುಂಬ್ಬೇಕು. ಇಲ್ಲಿ ಕಾಯಿ ಸಣ್ಣಗಿರ್ಬೇಕು. ಬಣ್ಣ, ವಾಸನೆ ಹೆಚ್ಚಾಗಿ ಇರೋದು ಸಿಪ್ಪೆಲಿ, ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದ್ರೆ ಸಿಪ್ಪೆ ಜಾಸ್ತಿ. ಇದನ್ನ ಕಿವಿಲಿ ಕೇಳಿದ್ದು ಮೊದಲನೇ ವರ್ಷ, ನಿಜವಾಗ್ಲೂ ತಲೆಗೆ ಹೋಗಿದ್ದು ನಾಲ್ಕನೇ ವರ್ಷ.

ಜಮೀನು ನಮ್ದು ಕೆಂಪು ಮಣ್ಣು, ಎರಡಡಿ ಕೆಳಗೆ ಗರಸು, ನೀರು ನಿಲ್ಲಲ್ಲ, ಅದು ಒಳ್ಳೇದೇ. ಮಣ್ಣು ಮತ್ತೆ ಬೋರ್‌ವೆಲ್ ನೀರು ಎರಡನ್ನೂ ಟೆಸ್ಟ್ ಮಾಡಿಸಿ, ಮಣ್ಣು ಮಾತ್ರ ಮಾಡಿಸಿ ಸುಮ್ನಾಗ್ಬೇಡಿ, ನಾನು ಹಾಗೇ ಮಾಡಿದ್ದು. ಬೆಂಗಳೂರು ಬ್ಲೂ ಕಡ್ಡಿ ನೆಟ್ರೆ ಸ್ವಂತ ಬೇರಲ್ಲೇ ಬರುತ್ತಲ್ಲ, ಅದೇ ಧೈರ್ಯದಲ್ಲಿ ಶಿರಾಜ್ ಕಡ್ಡಿನೂ ಎರಡು ಸಾಲು ನೇರವಾಗಿ ನೆಟ್ಟೆ, ಉಳಿದಿದ್ದು 110 ಆರ್ ಅನ್ನೋ ರೂಟ್‌ಸ್ಟಾಕ್ (ಕಸಿ ಕಟ್ಟೋಕೆ ಬೇರಿಗೆ ಅಂತ ನೆಡೋ ಬೇರೆ ತಳಿ ಬಳ್ಳಿ) ಮೇಲೆ. ನಮ್ಮ ಬೋರ್ ಸಾವಿರದ ಇನ್ನೂರು ಅಡಿ, ನೀರಲ್ಲಿ ಉಪ್ಪಿನಂಶ ಇದೆ ಅಂತ ಆಮೇಲೆ ಗೊತ್ತಾಗಿದ್ದು. ಎರಡನೇ ಬೇಸಿಗೆಗೆ ಆ ಎರಡು ಸಾಲಿನ ಎಲೆ ಅಂಚು ಸುಟ್ಟ ಹಾಗೆ ಕಂದಾಗಿ ಬಳ್ಳಿ ಸೊರಗಿ ಹೋಯ್ತು, ಪಕ್ಕದ ಸಾಲು ಹಸಿರಾಗೇ ಇತ್ತು, ಅದೇ ಮಣ್ಣು ಅದೇ ನೀರು. ಅವನ್ನ ಕಿತ್ತು ಮತ್ತೆ ನೆಡೋಕೆ ಎರಡು ವರ್ಷ ಹಿಂದೆ ಬಿದ್ದೆ. ಹಂಗಾಗಿ ರೂಟ್‌ಸ್ಟಾಕ್ ವಿಷಯದಲ್ಲಿ ಉಳಿತಾಯ ಬೇಡ. ಫೆಬ್ರವರಿಲಿ ರೂಟ್‌ಸ್ಟಾಕ್ ನೆಟ್ಟು, ಅದು ಪೆನ್ಸಿಲ್ ದಪ್ಪ ಆದ್ಮೇಲೆ ಸೆಪ್ಟೆಂಬರ್ ಹೊತ್ತಿಗೆ ತೋಟದಲ್ಲೇ ಕಸಿ ಕಟ್ಟಿಸಿದ್ದು ನಾನು. ಕಸಿ ಕಟ್ಟಿದ ಜಾಗ ಮಣ್ಣಿಂದ ಮೇಲೇ ಇರ್ಬೇಕು, ಮಣ್ಣು ಮುಚ್ಚಿದ್ರೆ ಮೇಲಿನ ತಳಿನೇ ಬೇರು ಬಿಟ್ಕೊಂಡು ರೂಟ್‌ಸ್ಟಾಕ್ ಹಾಕಿದ್ದೇ ದಂಡ ಆಗುತ್ತೆ.

ಸಾಲಿಂದ ಸಾಲಿಗೆ 8 ಅಡಿ, ಬಳ್ಳಿಯಿಂದ ಬಳ್ಳಿಗೆ 4 ಅಡಿ, ಎಕರೆಗೆ ಸುಮಾರು 1360 ಬಳ್ಳಿ ಕೂರುತ್ತೆ. ಸಾಲು ಉತ್ತರ ದಕ್ಷಿಣ. ಚಪ್ಪರ ಇಲ್ಲ ಇಲ್ಲಿ, ಹಳೇ ಕಲ್ಲು ಕಂಬಗಳನ್ನೇ ಸಾಲಲ್ಲಿ ನೆಟ್ಟು ಮೂರಡಿ ಎತ್ತರಕ್ಕೆ ಒಂದು ದಪ್ಪ ತಂತಿ, ಅದರ ಮೇಲೆ ಜೋಡಿ ತಂತಿಗಳು. ಕೆಳಗಿನ ತಂತಿ ಮೇಲೆ ಬಳ್ಳಿನ ಎರಡು ಕೈ ಚಾಚಿದ ಹಾಗೆ ಮಲಗಿಸ್ಬೇಕು, ಅದರಿಂದ ಬರೋ ಚಿಗುರನ್ನ ಜೋಡಿ ತಂತಿ ಒಳಗೆ ತೂರಿಸಿ ನೆಟ್ಟಗೆ ಮೇಲಕ್ಕೆ ಬಿಡ್ಬೇಕು. ನೋಡೋಕೆ ಬೇಲಿ ಇದ್ದ ಹಾಗೆ ಇರುತ್ತೆ. ಗೊಂಚಲೆಲ್ಲಾ ಒಂದೇ ಎತ್ತರದಲ್ಲಿ ಬರುತ್ತೆ, ಗಾಳಿ ಆಡುತ್ತೆ, ಔಷಧಿ ಸರಿಯಾಗಿ ತಲುಪುತ್ತೆ. ಆದ್ರೆ ನಮ್ಮ ಬಿಸಿಲು ಫ್ರಾನ್ಸಿನ ಬಿಸಿಲಲ್ಲ, ಅಲ್ಲಿಯವರು ಗೊಂಚಲ ಸುತ್ತ ಎಲೆ ತೆಗೀತಾರೆ ಅಂತ ನಾವೂ ಎರಡೂ ಕಡೆ ಬೋಳಿಸಿದ್ರೆ ಫೆಬ್ರವರಿಲಿ ಪಶ್ಚಿಮದ ಕಡೆ ಕಾಯಿ ಬೆಂದು ಒಣಗುತ್ತೆ. ನಾನು ಪೂರ್ವದ ಕಡೆ ಮಾತ್ರ ತೆಗೆಯೋದು, ಬೆಳಗಿನ ಎಳೆ ಬಿಸಿಲು ಬಿದ್ರೆ ಸಾಕು.

ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋ ವಿಷಯ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರೆ ಎಲ್ರೂ ಎಡವೋದು ಇಲ್ಲೇ. ತಣ್ಣನೆ ದೇಶಗಳಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ಒಂದು ಸಲ ಕತ್ತರಿಸಿದ್ರೆ ಮುಗೀತು. ನಮ್ಮಲ್ಲಿ ಅದು ಮಲಗೋದೇ ಇಲ್ಲ, ಹಾಗಾಗಿ ಎರಡು ಚಾಟ್ನಿ, ಒಂದೇ ಬೆಳೆ. ಏಪ್ರಿಲ್ ಚಾಟ್ನಿ ಕಡ್ಡಿ ಮಾಡೋಕೆ, ಅಕ್ಟೋಬರ್ ಚಾಟ್ನಿ ಕಾಯಿಗೆ. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತಲ್ಲ ಇದಕ್ಯಾಕೆ ಒಂದೇ ಅಂತ ಕೇಳ್ತಾರೆ, ಮಳೆಗಾಲದಲ್ಲಿ ಇದರ ತೆಳು ಸಿಪ್ಪೆ ಕಾಯಿ ಕೊಳೆತು ಹೋಗುತ್ತೆ, ಅದಕ್ಕೆ. ಇನ್ನು ಏಪ್ರಿಲ್‌ನಲ್ಲಿ ಕಾಯಿ ಇಲ್ಲ ಅಂತ ತೋಟ ಮರೆಯೋ ಹಾಗಿಲ್ಲ, ಕಟಿಂಗ್ ಆಗಿ 40ರಿಂದ 60 ದಿನದ ಒಳಗೆ ಕಡ್ಡಿಯ ಕಣ್ಣಿನ (ಚಿಗುರೊಡೆಯೋ ಮೊಗ್ಗಿನ) ಒಳಗಡೆ ಮುಂದಿನ ಗೊಂಚಲು ತಯಾರಾಗ್ತಿರುತ್ತೆ, ಆಗ ಚಿಗುರಿನ ಬುಡಕ್ಕೆ ಬಿಸಿಲು ಬೀಳ್ಬೇಕು, ಪೊದೆ ಆಗಿ ನೆರಳಾದ್ರೆ ಅಕ್ಟೋಬರ್‌ನಲ್ಲಿ ಬರೀ ಎಲೆ ಬರುತ್ತೆ. ಅದಕ್ಕೆ ಬೇಡದ ಚಿಗುರು ಮುರಿಯೋ ಕೆಲಸ ಮೇ ತಿಂಗಳಲ್ಲೇ ಮುಗಿಸ್ಬೇಕು.

ಅಕ್ಟೋಬರ್‌ನಲ್ಲಿ ಎಷ್ಟು ಕಣ್ಣು ಬಿಡ್ಬೇಕು? ಥಾಮ್ಸನ್ ಸೀಡ್‌ಲೆಸ್ ಬೆಳೆದು ಗೊತ್ತಿರೋರು ಆರು ಏಳು ಕಣ್ಣು ಬಿಡ್ತಾರೆ, ಅದರಲ್ಲಿ ಫಲ ಕೊಡೋ ಕಣ್ಣು ಮೇಲಿರುತ್ತೆ. ಶಿರಾಜ್, ಕ್ಯಾಬರ್ನೆ ಎರಡರಲ್ಲೂ ಬುಡದ ಕಣ್ಣಲ್ಲೇ ಗೊಂಚಲು ಬರುತ್ತೆ, ಎರಡು ಕಣ್ಣು ಸಾಕು. ಮೊದಲ ಸಲ ನಮ್ಮ ಆಳುಗಳು ನಂಬ್ಲೇ ಇಲ್ಲ, ಇಷ್ಟು ಗಿಡ್ಡಕ್ಕೆ ಕತ್ತರಿಸಿದ್ರೆ ಏನು ಬರುತ್ತೆ ಅಣ್ಣ ಅಂದ್ರು. ಒಂದು ಬಳ್ಳಿಗೆ ಎಂಟರಿಂದ ಹತ್ತು ತುಂಡು, ತುಂಡಿಗೆ ಎರಡು ಕಣ್ಣು, ಅಷ್ಟೇ ಲೆಕ್ಕ.

ಕತ್ತರಿಸಿದ ಮೇಲೆ ಕಣ್ಣೆಲ್ಲಾ ಒಟ್ಟಿಗೆ ಒಡೀಲಿ ಅಂತ ಹೈಡ್ರೋಜನ್ ಸಯನಮೈಡ್ ಬಳಿತೀವಿ. ಇದನ್ನ ದಯವಿಟ್ಟು ಗಮನ ಇಟ್ಟು ಓದಿ: ಗ್ಲೌಸ್ ಇಲ್ದೆ ಮುಟ್ಬೇಡಿ, ಮತ್ತೆ ಬಳಿಯೋ ಆಳು ಹಿಂದಿನ ದಿನ ಆಗ್ಲಿ ಅವತ್ತಾಗ್ಲಿ ಆಮೇಲೆ ಡಬ್ಬಿ ಮೇಲೆ ಹೇಳಿರೋಷ್ಟು ದಿನ ಆಗ್ಲಿ ಹೆಂಡ ಸಾರಾಯಿ ಮುಟ್ಬಾರ್ದು. ಆ ಔಷಧಿ ಮೈಗೆ ಸೇರಿದಾಗ ಕುಡಿದ್ರೆ ಮುಖ ಕೆಂಪಾಗಿ ಎದೆ ಡವಡವ ಬಡ್ಕೊಂಡು ಉಸಿರು ಕಟ್ಟುತ್ತೆ, ನಮ್ಮ ತೋಟದಲ್ಲೇ ಒಬ್ರನ್ನ ಆ ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಓಡಿದೀನಿ. ಈಗ ಬಳಿಯೋ ಕೆಲಸಕ್ಕೆ ಕುಡಿಯದೇ ಇರೋರನ್ನೇ ಕರೆಯೋದು, ಕೂಲಿ ನೂರು ರೂಪಾಯಿ ಜಾಸ್ತಿ ಕೊಡ್ತೀನಿ.

ಅಕ್ಟೋಬರ್‌ನಲ್ಲಿ ಯಾವಾಗ ಅನ್ನೋದು ಇನ್ನೊಂದು ತಲೆನೋವು. ಒಂದು ವರ್ಷ ಬೇಗ ಕೊಯ್ಯೋಣ ಅಂತ ಸೆಪ್ಟೆಂಬರ್ ಕೊನೆಲಿ ಕಟಿಂಗ್ ಮಾಡಿಸ್ದೆ. ಚಿತ್ತೆ ಮಳೆ ಹೊತ್ತಿಗೆ ಚಿಗುರು ಗೇಣುದ್ದ, ಸ್ವಾತಿ ಮಳೆ ಹೊತ್ತಿಗೆ ಹೂವಿನ ಗೊನೆ, ಮೂರು ದಿನ ಬಿಡದೆ ಜಡಿ ಹಿಡೀತು, ಡೌನಿ ಅನ್ನೋ ಬೂಜು ರೋಗ ಬಂದು ಎಲೆ ಕೆಳಗೆಲ್ಲಾ ಬಿಳೀ ಬೂಜು, ಹೂಗೊನೆ ಕಂದಾಗಿ ಮುದುಡಿ ಬಿತ್ತು. ಅರ್ಧ ಬೆಳೆ ಹೋಯ್ತು. ಡೌನಿಗೆ ಒಂದು ಹಳೇ ಲೆಕ್ಕ ಇದೆ, ಚಿಗುರು 10 ಸೆಂಟಿಮೀಟರ್, ಮಳೆ 10 ಮಿಲಿಮೀಟರ್, ಶಾಖ 10 ಡಿಗ್ರಿ, ಇದೆಲ್ಲಾ ಒಂದು ದಿನದಲ್ಲಿ ಕೂಡಿದ್ರೆ ರೋಗ ಶುರು. ಆ ಕಾಲದಲ್ಲಿ ನಮ್ಮಲ್ಲಿ ಶಾಖ 10ಕ್ಕಿಂತ ಮೇಲೇ ಇರುತ್ತೆ, ಹಂಗಾಗಿ ಮಳೆ ಮತ್ತೆ ಚಿಗುರು ಎರಡೇ ನೋಡಿದ್ರೆ ಸಾಕು. ಈಗ ನಾನು ಹಸ್ತ ಮಳೆ ಕಳೆದು ಅಕ್ಟೋಬರ್ ಎರಡನೇ ವಾರದ ಮೇಲೇನೇ ಕತ್ತರಿ ಹಾಕೋದು. ತಡ ಮಾಡಿದಷ್ಟೂ ಕೊಯ್ಲು ಮಾರ್ಚ್ ಬಿಸಿಲಿಗೆ ಹೋಗುತ್ತೆ, ಅದೂ ಒಳ್ಳೇದಲ್ಲ, ಆದ್ರೆ ಬಿಸಿಲಿಗೆ ಸ್ವಲ್ಪ ಕಳ್ಕೊಳ್ಳೋದು ಮಳೆಗೆ ಎಲ್ಲಾ ಕಳ್ಕೊಳ್ಳೋದಕ್ಕಿಂತ ಮೇಲು.

ಔಷಧಿಲಿ ನನಗೆ ಇವತ್ತಿಗೂ ನಂಬಿಕೆ ಇರೋದು ಬೋರ್ಡೋ ದ್ರಾವಣದ ಮೇಲೆ. ಫ್ರಾನ್ಸಿನ ಬೋರ್ಡೋ ಸೀಮೆಲಿ ದಾರಿಹೋಕರು ದ್ರಾಕ್ಷಿ ಕಿತ್ಕೊಂಡು ತಿನ್ಬಾರ್ದು ಅಂತ ರಸ್ತೆ ಪಕ್ಕದ ಸಾಲಿಗೆ ಮೈಲುತುತ್ತ ಸುಣ್ಣ ಎರಚ್ತಿದ್ರಂತೆ, ಆ ಸಾಲಿಗೆ ಮಾತ್ರ ಡೌನಿ ಬಂದಿಲ್ಲ ಅಂತ ಮಿಲಾರ್ಡೆ ಅನ್ನೋ ಪ್ರೊಫೆಸರ್ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ್ರು. ನಾವು ಮಾಡೋದು ಹೀಗೆ, ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರ್‌ಗೆ ಒಂದು ಕೆಜಿ ಸುಣ್ಣ, ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ತಾ ಕೋಲಲ್ಲಿ ತಿರುಗಿಸ್ಬೇಕು. ಚಾಕು ಅದ್ದಿ ನೋಡಿ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತ್ರೆ ಇನ್ನೊಂದಿಷ್ಟು ಸುಣ್ಣ ಹಾಕಿ. ಎಳೆ ಚಿಗುರಿಗೆ ಇದರ ಅರ್ಧ ಸ್ಟ್ರಾಂಗ್ ಸಾಕು. ಕೊಯ್ಲಿಗೆ ಒಂದೂವರೆ ತಿಂಗಳು ಇರೋವಾಗ ತಾಮ್ರ, ಗಂಧಕ ಎರಡೂ ನಿಲ್ಲಿಸಿಬಿಡ್ತೀನಿ, ತಾಮ್ರ ಹಣ್ಣಲ್ಲಿ ಉಳಿದ್ರೆ ರಸ ಹುದುಗೋಕೆ ಅಡ್ಡಿ, ಗಂಧಕ ಉಳಿದ್ರೆ ವೈನ್‌ಗೆ ಕೊಳೆತ ಮೊಟ್ಟೆ ವಾಸನೆ. ಬೂದಿ ರೋಗ ಡಿಸೆಂಬರ್ ಚಳಿಲಿ ಬರುತ್ತೆ, ಗಾಳಿ ಆಡೋ ಹಾಗೆ ಇಟ್ರೆ ಅರ್ಧ ಕಮ್ಮಿ.

ಇನ್ನು ನನ್ನ ಮೊದಲನೇ ಬೆಳೆ. ಮೂರನೇ ವರ್ಷ ಶಿರಾಜ್ ಚೆನ್ನಾಗಿ ಕಚ್ತು, ನನಗೂ ಅಪ್ಪಂಗೂ ಖುಷಿಯೋ ಖುಷಿ, ಒಂದು ಗೊಂಚಲೂ ಕೀಳ್ಲಿಲ್ಲ, ಎಕರೆಗೆ ಏಳು ಟನ್ ಹತ್ರ ಬಂತು. ಸಿಹಿ ಅಳೆಯೋ ರಿಫ್ರ್ಯಾಕ್ಟೋಮೀಟರ್ ಹಿಡಿದು ದಿನಾ ನೋಡ್ತೀನಿ, ಬ್ರಿಕ್ಸ್ (ರಸದಲ್ಲಿರೋ ಸಕ್ಕರೆ ಅಳತೆ) 18ಕ್ಕೆ ಬಂದು ನಿಂತಿದ್ದು ಮೇಲಕ್ಕೆ ಏಳ್ಲೇ ಇಲ್ಲ. ಕೆಂಪು ವೈನ್‌ಗೆ 23, 24 ಬೇಕು, ಬ್ರಿಕ್ಸ್‌ನ 0.55ರಿಂದ ಗುಣಿಸಿದ್ರೆ ಸುಮಾರಾಗಿ ಆಲ್ಕೋಹಾಲ್ ಪರ್ಸೆಂಟ್ ಸಿಗುತ್ತೆ, 18ಕ್ಕೆ ಹತ್ತೂ ದಾಟಲ್ಲ. ಸಿಹಿ ಬರ್ಲಿ ಅಂತ ತಿನ್ನೋ ದ್ರಾಕ್ಷಿಗೆ ಕೊಡೋ ಹಾಗೆ ಪೊಟ್ಯಾಷ್ ಮೇಲೆ ಪೊಟ್ಯಾಷ್ ಡ್ರಿಪ್ಪಲ್ಲಿ ಬಿಟ್ಟೆ, ಅದು ಪಿಎಚ್ (ಇದು ಏರಿದಷ್ಟೂ ಹುಳಿ ಕಮ್ಮಿ) ಏರಿಸಿಬಿಡ್ತು, 3.5ರ ಆಸುಪಾಸು ಇರ್ಬೇಕಾದ್ದು 3.9. ನೀರು ಪೂರ್ತಿ ನಿಲ್ಲಿಸ್ದೆ, ಬುಡದ ಎಲೆ ಹಳದಿ ಆಗಿ ಉದುರಿ ಕಾಯಿ ಸುಕ್ಕಾಯ್ತು. ವೈನರಿಯವರು ಅರ್ಧ ಮಾಲು ವಾಪಸ್ ಕಳಿಸಿದ್ರು, ಉಳಿದಿದ್ದಕ್ಕೆ ರೇಟ್ ಇಳಿಸಿದ್ರು. ಒಪ್ಪಂದ ಬಾಯಿಮಾತಲ್ಲಿತ್ತು, ಎಷ್ಟು ಬ್ರಿಕ್ಸ್‌ಗೆ ಎಷ್ಟು ರೇಟು ಅಂತ ಎಲ್ಲೂ ಬರೆದಿರ್ಲಿಲ್ಲ. ವಾಪಸ್ ಬಂದ ಕ್ರೇಟುಗಳನ್ನ ಮಾರ್ಕೆಟ್‌ಗೆ ಹಾಕೋಣ ಅಂದ್ರೆ ಸಣ್ಣ ಕಾಯಿ, ಒಳಗೆಲ್ಲಾ ಬೀಜ, ಯಾರೂ ಮೂಸ್ಲಿಲ್ಲ, ತಿಪ್ಪೆಗೆ ಹೋಯ್ತು. ಬೆಂಗಳೂರು ಬ್ಲೂ ಆದ್ರೆ ಒಬ್ಬ ಬೇಡ ಅಂದ್ರೆ ಇನ್ನೊಬ್ಬ ತಗೋತಾನೆ, ಇದಕ್ಕೆ ಇನ್ನೊಬ್ಬ ಇಲ್ಲ. ಗುಂಡಿ ತೋಡೋ ಮುಂಚೆ ಕಾಗದದ ಮೇಲೆ ಒಪ್ಪಂದ ಆಗ್ಲಿ, ಬ್ರಿಕ್ಸ್, ಪಿಎಚ್, ಟನ್ನು, ರೇಟು, ಯಾರು ಯಾವ ದಿನ ಸ್ಯಾಂಪಲ್ ತೆಗೀತಾರೆ, ಎಲ್ಲಾ ಬರೆಸಿ.

ಮುಂದಿನ ವರ್ಷ ಮನಸ್ಸು ಗಟ್ಟಿ ಮಾಡ್ಕೊಂಡು ಕಾಯಿ ಬಟಾಣಿ ಗಾತ್ರ ಇರೋವಾಗ ಬಳ್ಳಿಗೆ 22 ಗೊಂಚಲು ಬಿಟ್ಟು ಉಳಿದಿದ್ದೆಲ್ಲಾ ಕತ್ತರಿಸಿ ನೆಲಕ್ಕೆ ಹಾಕಿದ್ವಿ. ಅಪ್ಪ ಬದುವಿನ ಮೇಲೆ ನಿಂತು ನೋಡ್ತಿದ್ರು, "ಫಲಕ್ಕೆ ಬಂದಿದ್ದನ್ನ ಯಾರಾದ್ರೂ ಮಣ್ಣಿಗೆ ಹಾಕ್ತಾರೇನೋ, ಇದಕ್ಕೋಸ್ಕರನಾ ನಾವು ಚಪ್ಪರ ಕಿತ್ತಿದ್ದು" ಅಂದು ಮನೆಗೆ ಹೋದ್ರು, ಎರಡು ದಿನ ತೋಟದ ಕಡೆ ಬರ್ಲಿಲ್ಲ. ಅವರ ಸಂಕಟ ನನಗೆ ಅರ್ಥ ಆಗುತ್ತೆ, ನನಗೂ ಕೈ ನಡುಗ್ತಿತ್ತು. ಆ ಸಲ ಎಕರೆಗೆ ನಾಲ್ಕೂವರೆ ಟನ್, ಬ್ರಿಕ್ಸ್ 23.5, ಪಿಎಚ್ 3.6, ಒಂದು ಕ್ರೇಟೂ ವಾಪಸ್ ಬರ್ಲಿಲ್ಲ. ನೀರನ್ನೂ ಪೂರ್ತಿ ಕಟ್ಟಲ್ಲ ಈಗ, ಕಾಯಿ ಬಣ್ಣ ತಿರುಗೋಕೆ ಶುರು ಆದ್ಮೇಲೆ ಹತ್ತು ದಿನದಲ್ಲಿ ನಿಧಾನಕ್ಕೆ ಇಳಿಸಿ ಮೊದಲಿನ ಮೂರನೇ ಒಂದು ಭಾಗಕ್ಕೆ ತರ್ತೀನಿ. ಕುಡಿ ಬೆಳೆಯೋದು ನಿಲ್ಬೇಕು, ಎಲೆ ಮಾತ್ರ ಬಾಡ್ಬಾರ್ದು, ಇದೇ ಗುರುತು. ಪೊಟ್ಯಾಷ್ ಕೊಡೋದೂ ಎಲೆ ತೊಟ್ಟಿನ ಟೆಸ್ಟ್ ರಿಪೋರ್ಟ್ ನೋಡಿದ ಮೇಲೇನೇ.

ಕೊಯ್ಲಿನ ದಿನ ಬರೀ ಮೀಟರ್ ನಂಬ್ಬೇಡಿ. ಬೇರೆ ಬೇರೆ ಸಾಲಿಂದ ಗೊಂಚಲಿನ ಮೇಲೆ, ನಡು, ತುದಿ ಸೇರಿಸಿ ನೂರು ಕಾಯಿ ಬಿಡಿಸ್ಕೊಂಡು ಹಿಂಡಿ ನೋಡಿ, ಮತ್ತೆ ಬಾಯಿಗೆ ಹಾಕಿ ಅಗಿದು ನೋಡಿ. ಬೀಜ ಹಸಿರಿದ್ರೆ ಇನ್ನೂ ಕಾಯ್ಬೇಕು, ಕಂದಾಗಿ ಕಟುಂ ಅಂತ ಮುರಿದ್ರೆ ಆಯ್ತು. ಕಾಯ್ತಾ ಇರೋ ಆ ಎರಡು ವಾರ ಪಿಕಳಾರ, ಗಿಣಿ, ಗೊರವಂಕ ಎಲ್ಲಾ ನಮಗಿಂತ ಮುಂಚೆ ರುಚಿ ನೋಡುತ್ವೆ, ಬಲೆ ಹಾಕ್ದೆ ಆಗಲ್ಲ. ಕೀಳೋದು ಬೆಳಗಿನ ಜಾವ ನಾಲ್ಕಕ್ಕೆ, ಹೆಡ್‌ಲೈಟ್ ಕಟ್ಕೊಂಡು, ಹತ್ತು ಗಂಟೆ ಒಳಗೆ ಗಾಡಿ ಹೊರಡ್ಬೇಕು, ಬಿಸಿ ಆದ ಹಣ್ಣು ಕ್ರೇಟಲ್ಲೇ ಹುದುಗೋಕೆ ಶುರು ಆಗುತ್ತೆ.

ದುಡ್ಡಿನ ಲೆಕ್ಕ ಕೇಳೋರಿಗೆ, ಮೊದಲ ಮೂರು ವರ್ಷ ಬರೀ ಖರ್ಚು, ನಾಲ್ಕನೇ ವರ್ಷದಿಂದ ಕೈಗೆ ಹತ್ತುತ್ತೆ. ಇರೋ ತೋಟ ಪೂರ್ತಿ ಕೀಳ್ಬೇಡಿ. ನಮ್ದು ಇನ್ನೂ ಎರಡು ಎಕರೆ ಬೆಂಗಳೂರು ಬ್ಲೂ ಚಪ್ಪರ ಇದೆ, ಮನೆ ನಡೀತಿರೋದು ಅದರಿಂದಾನೇ, ಅದನ್ನ ಅಪ್ಪನೇ ನೋಡ್ಕೊಳ್ಳೋದು. ಶಿರಾಜ್ ಸಾಲಲ್ಲಿ ಗೊಂಚಲು ಕತ್ತರಿಸೋ ದಿನ ಈಗ್ಲೂ ಅವರು ಬರಲ್ಲ, ನಾನೂ ಕರೆಯಲ್ಲ, ಆದ್ರೆ ಮಾರ್ಚ್‌ನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬೀಜ ಅಗಿದು ನೋಡಿ "ಇನ್ನಾಲ್ಕು ದಿನ ಬಿಡು" ಅನ್ನೋದು ಅವರೇ, ಇಲ್ಲಿವರೆಗೂ ಅವರ ಲೆಕ್ಕ ತಪ್ಪಿಲ್ಲ.