ಚೀನಾದ ಸೋಷಿಯಲ್ ಮೀಡಿಯಾದಲ್ಲಿ ನಮ್ಮ ಕಾಫಿ: ಬ್ರ್ಯಾಂಡ್ ಕಟ್ಟುವುದು ಹೇಗೆ?

ಶಾಂಘೈನ ಹುಡುಗಿಯೊಬ್ಬಳಿಗೆ ಮನೆಯಲ್ಲಿ ಕಾಫಿ ಮಾಡಿಕೊಳ್ಳಲು ಹೊಸ ಬೀಜ ಬೇಕು ಎಂದಿಟ್ಟುಕೊಳ್ಳಿ. ಗೂಗಲ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಅಲ್ಲಿ ತೆರೆಯುವುದೇ ಇಲ್ಲ. ಅವಳು ಮೊಬೈಲಿನಲ್ಲಿ ಶಿಯಾವ್‌ಹೊಂಗ್‌ಶು ಆ್ಯಪ್ ತೆರೆದು ‘ಹುಳಿ ಇಲ್ಲದ ಕಾಫಿ’ ಎಂದು ಹುಡುಕುತ್ತಾಳೆ. ತನ್ನಂಥವರೇ ಬರೆದ ಹತ್ತು ಬರಹ ಓದುತ್ತಾಳೆ, ಫೋಟೊಗಳನ್ನು ಹಿಗ್ಗಿಸಿ ನೋಡುತ್ತಾಳೆ, ಕಾಮೆಂಟುಗಳಲ್ಲಿ ಯಾರಾದರೂ ಬೈದಿದ್ದಾರಾ ಎಂದು ಇಣುಕುತ್ತಾಳೆ. ಕೊಳ್ಳುವ ಮಾತು ಆಮೇಲೆ. ಚೀನಾದಲ್ಲಿ ನಿಮ್ಮ ಬ್ರ್ಯಾಂಡಿನ ಮುಖ ಎಂದರೆ ಹುಡುಕಿದಾಗ ಮೇಲೆ ಬರುವ ಆ ಹತ್ತು ಬರಹ. ಚಿಕ್ಕಮಗಳೂರು, ಕೊಡಗು, ಮಂಗಳೂರಿನ ಕಾಫಿಯನ್ನು ಅಲ್ಲಿಗೆ ಒಯ್ಯಬೇಕೆಂದಿರುವವರು ದುಡ್ಡನ್ನೂ ದುಡಿಮೆಯನ್ನೂ ಮೊದಲು ಹಾಕಬೇಕಾದದ್ದು ಅಲ್ಲಿಗೆ.

ಅದಕ್ಕೂ ಮೊದಲು ಸರಕು ತಲುಪುವ ದಾರಿ ಗಟ್ಟಿಯಾಗಿರಬೇಕು. 2022ರ ಜನವರಿ 1ರಿಂದ ಚೀನಾಕ್ಕೆ ಆಹಾರ ಕಳಿಸುವ ವಿದೇಶಿ ತಯಾರಕರು ಅಲ್ಲಿನ ಕಸ್ಟಮ್ಸ್ ಆಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು. ಅಂಗಡಿಗೆ ಹೋಗುವ ಪೊಟ್ಟಣಕ್ಕೆ ಚೀನಿ ಲೇಬಲ್ ಕಡ್ಡಾಯ. ವಿದೇಶಿ ಸರಕನ್ನು ಆನ್‌ಲೈನಿನಲ್ಲಿ ನೇರ ಗ್ರಾಹಕನಿಗೆ ಮಾರುವ ಗಡಿಯಾಚೆಯ ಇ-ಕಾಮರ್ಸ್ ದಾರಿ ಹಿಡಿದರೆ ಗ್ರಾಹಕನಿಗೆ ಒಂದು ಖರೀದಿಗೆ 5,000 ಯುವಾನ್, ವರ್ಷಕ್ಕೆ 26,000 ಯುವಾನ್ ಮಿತಿ ಇದೆ. ಕಾಫಿಗೆ ಅದು ಧಾರಾಳವಾಯಿತು. ಎಲ್ಲಿ ಸಿಗುತ್ತದೆ ಎಂಬುದಕ್ಕೆ ಉತ್ತರವಿಲ್ಲದೆ ಪ್ರಚಾರ ಶುರು ಮಾಡಿದರೆ, ಆಸೆ ಹುಟ್ಟಿದ ಗ್ರಾಹಕ ಪಕ್ಕದ ಬ್ರ್ಯಾಂಡಿಗೆ ಹೋಗುತ್ತಾನೆ.

ಹೆಸರು: ಒಂದು ವರ್ಷ ಮೊದಲೇ

ಚೀನಿ ಲಿಪಿಯಲ್ಲಿ ಉಚ್ಚಾರಣೆಗೆಂದು ಆರಿಸಿದ ಅಕ್ಷರಕ್ಕೂ ಸಾಮಾನ್ಯವಾಗಿ ತನ್ನದೇ ಅರ್ಥವಿರುತ್ತದೆ. ಕೋಕಾ-ಕೋಲಾದ ಚೀನಿ ಹೆಸರಿನಲ್ಲಿ ರುಚಿಯೂ ಖುಷಿಯೂ ಸೇರಿಕೊಂಡಿವೆ. ಬಿಎಂಡಬ್ಲ್ಯು ಅಲ್ಲಿ ‘ಬಾವೊ ಮಾ’, ಅಂದರೆ ಅಮೂಲ್ಯ ಕುದುರೆ. ಸ್ಟಾರ್‌ಬಕ್ಸ್ ಮೊದಲರ್ಧಕ್ಕೆ ‘ನಕ್ಷತ್ರ’ ಎಂಬ ಅಕ್ಷರವನ್ನು ಇಟ್ಟುಕೊಂಡು ಉಳಿದದ್ದನ್ನು ಧ್ವನಿಗೆ ಬಿಟ್ಟಿತು. ನೀವು ಹೆಸರಿಡದಿದ್ದರೆ ಜನ ತಾವೇ ಒಂದು ಇಡುತ್ತಾರೆ, ಅದನ್ನು ಬೇರೆ ಯಾರೋ ನೋಂದಾಯಿಸಿಕೊಳ್ಳುತ್ತಾರೆ. ಚೀನಾದಲ್ಲಿ ಟ್ರೇಡ್‌ಮಾರ್ಕ್ ಮೊದಲು ಅರ್ಜಿ ಹಾಕಿದವನದು. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ತಮ್ಮದೇ ಹೆಸರಿನ ಚೀನಿ ರೂಪಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದು, 2016ರಲ್ಲಿ ಸುಪ್ರೀಂ ಪೀಪಲ್ಸ್ ಕೋರ್ಟಿನಲ್ಲಿ ಭಾಗಶಃ ಗೆದ್ದರು.

ಎರಡರಿಂದ ನಾಲ್ಕು ಅಕ್ಷರದ ಐದಾರು ಹೆಸರು ಮಾಡಿಸಿಕೊಳ್ಳಿ. ಪ್ರತಿಯೊಂದನ್ನೂ ಇಪ್ಪತ್ತು ಜನಕ್ಕೆ ಫೋನಿನಲ್ಲಿ ಹೇಳಿ, ಕೇಳಿಸಿಕೊಂಡದ್ದನ್ನು ಟೈಪ್ ಮಾಡಿ ಕಳಿಸಲು ಹೇಳಿ. ಹೆಚ್ಚಿನವರು ಬೇರೆ ಅಕ್ಷರ ಕಳಿಸಿದರೆ ಆ ಹೆಸರನ್ನು ಬಿಡಿ: ಹುಡುಕಲು ಬಾರದ ಹೆಸರು ಎಷ್ಟು ಚಂದವಿದ್ದರೂ ಕೆಲಸಕ್ಕೆ ಬಾರದು. ಮ್ಯಾಂಡರಿನ್ ಜೊತೆಗೆ ಕ್ಯಾಂಟನೀಸ್, ಶಾಂಘೈ ಮಾತಿನಲ್ಲಿ ಅಪಾರ್ಥ ಬರುತ್ತದೆಯೇ ಎಂದು ವಿಚಾರಿಸಿ. ಬರೆಸುವುದು ಸರಳೀಕೃತ ಅಕ್ಷರದಲ್ಲೇ ಇರಲಿ. ತೈವಾನ್, ಹಾಂಗ್‌ಕಾಂಗ್‌ನ ಸಾಂಪ್ರದಾಯಿಕ ಲಿಪಿಯಲ್ಲಿ ಬರೆದದ್ದು ಚೀನಾದ ಮುಖ್ಯ ಭೂಭಾಗದ ಓದುಗರಿಗೆ ಹೊರಗಿನದು ಎನಿಸುತ್ತದೆ.

ಅರ್ಜಿಯ ವಿಷಯದಲ್ಲಿ ಒಂದು ಗುಂಡಿ ಇದೆ. ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳಲು ಬಿಡುವ ಮ್ಯಾಡ್ರಿಡ್ ಪ್ರೋಟೊಕಾಲ್‌ನಲ್ಲಿ ಭಾರತ 2013ರಿಂದ ಇದೆ, ಆ ದಾರಿಯಲ್ಲಿ ಚೀನಾಕ್ಕೂ ಅರ್ಜಿ ಹಾಕಬಹುದು. ಆದರೆ ಅದು ಇಲ್ಲಿ ಇರುವ ಗುರುತನ್ನೇ ಹಾಗೆಯೇ ಅಲ್ಲಿಗೆ ವಿಸ್ತರಿಸುತ್ತದೆ. ಇಂಗ್ಲಿಷ್ ಲೋಗೊ ಮಾತ್ರ ಇಲ್ಲಿ ನೋಂದಾಯಿಸಿದ್ದರೆ ಚೀನಿ ಅಕ್ಷರದ ಹೆಸರಿಗೆ ರಕ್ಷಣೆ ಸಿಗದು. ಅದಕ್ಕೆ ಅಲ್ಲಿನ ಏಜೆಂಟರ ಮೂಲಕ ನೇರ ಅರ್ಜಿ ಬೇಕು. ಟ್ರೇಡ್‌ಮಾರ್ಕ್ ಸರಕಿನ ವರ್ಗಗಳಲ್ಲಿ ಕಾಫಿ 30ನೆಯದು, ಜೊತೆಗೆ ಜಾಹೀರಾತು ಮತ್ತು ಮಾರಾಟದ 35ನೇ ವರ್ಗವನ್ನೂ ಸೇರಿಸಿ. ಪರಿಶೀಲನೆಗೆ ಕಾನೂನು ಕೊಡುವ ಗಡುವು 9 ತಿಂಗಳು, ಆಕ್ಷೇಪಣೆಗೆ ಮತ್ತೆ 3 ತಿಂಗಳು.

ಖಾತೆ ಯಾರ ಹೆಸರಿನಲ್ಲಿ?

2020ರ ಜೂನ್ 29ರ ಆದೇಶದಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಚೀನಾದ ಮೆಸೇಜಿಂಗ್ ಆ್ಯಪ್ ವೀಚಾಟ್, ಟ್ವಿಟರ್‌ನಂಥ ವೀಬೊ ಎರಡೂ ಇವೆ. ದಿನನಿತ್ಯದ ಕೆಲಸವನ್ನು ಚೀನಾದಲ್ಲೇ ಇರುವ ವಿತರಕರು ಅಥವಾ ಏಜೆನ್ಸಿ ಮಾಡಬೇಕು. ಇಲ್ಲಿ ಎಡವುವವರು ಬಹಳ. ಏಜೆನ್ಸಿ ತನ್ನದೇ ಪರವಾನಗಿಯಲ್ಲಿ ಖಾತೆ ತೆರೆದು ಎರಡು ವರ್ಷ ನಡೆಸಿರುತ್ತದೆ. ಒಪ್ಪಂದ ಮುರಿದ ದಿನ ಖಾತೆ, ಫಾಲೋವರ್‌ಗಳು, ಹಳೆಯ ಬರಹ ಎಲ್ಲವೂ ಅದರ ಪಾಲು. ವೀಚಾಟ್‌ನಲ್ಲಿ ಕಂಪನಿಗಳು ಗ್ರಾಹಕರಿಗೆ ಸಂದೇಶ ಕಳಿಸುವ ಸರ್ವಿಸ್ ಖಾತೆಗೆ ವಿದೇಶಿ ಕಂಪನಿಗಳೂ ತಮ್ಮ ದಾಖಲೆಯಿಂದಲೇ ಅರ್ಜಿ ಹಾಕಬಹುದು, ವರ್ಷಕ್ಕೆ 99 ಡಾಲರ್ ಪರಿಶೀಲನಾ ಶುಲ್ಕ. ಹಾಗೆ ಆಗದ ವೇದಿಕೆಗಳಲ್ಲಿ ಖಾತೆ, ಅದಕ್ಕೆ ಜೋಡಿಸಿದ ಫೋನ್ ನಂಬರ್, ಮೂಲ ಫೋಟೊ ಫೈಲುಗಳನ್ನು ಎಷ್ಟು ದಿನದೊಳಗೆ ಹಸ್ತಾಂತರಿಸಬೇಕು ಎಂದು ಒಪ್ಪಂದದಲ್ಲಿ ಬರೆಸಿ. 2022ರಿಂದ ಅಲ್ಲಿನ ವೇದಿಕೆಗಳು ಬರೆಯುವವರು ಎಲ್ಲಿಂದ ಬರೆಯುತ್ತಿದ್ದಾರೆ ಎಂಬುದನ್ನೂ ತೋರಿಸುತ್ತವೆ. ‘ನಾವು ತೋಟದಿಂದಲೇ ಬರೆಯುತ್ತಿದ್ದೇವೆ’ ಎಂದು ಚೀನಾದ ಹ್ಯಾಂಗ್‌ಝೌನಿಂದ ಬರೆಸಿದರೆ ಮೊದಲ ದಿನವೇ ಸಿಕ್ಕಿಬೀಳುತ್ತೀರಿ.

ಒಂದು ನೋಟ್, ಬಿಡಿಬಿಡಿಯಾಗಿ

ಶಿಯಾವ್‌ಹೊಂಗ್‌ಶು 2013ರಲ್ಲಿ ಶಾಂಘೈನಲ್ಲಿ ಹುಟ್ಟಿದ್ದು, ಹೆಸರಿನ ಅರ್ಥ ‘ಪುಟ್ಟ ಕೆಂಪು ಪುಸ್ತಕ’. 2025ರ ಜನವರಿಯಲ್ಲಿ ಅಮೆರಿಕದ ಟಿಕ್‌ಟಾಕ್ ಬಳಕೆದಾರರು ನುಗ್ಗಿದಾಗ ರೆಡ್‌ನೋಟ್ ಎಂದು ಹೊರಗೆ ಹೆಸರಾಯಿತು. ಇಲ್ಲಿನ ಪೋಸ್ಟಿಗೆ ‘ನೋಟ್’ ಎನ್ನುತ್ತಾರೆ. ಓದುಗರಲ್ಲಿ ಕೊಳ್ಳುವ ಆಸೆ ಮೂಡಿಸುವುದಕ್ಕೆ ಚೀನಿ ಮಾತಿನಲ್ಲಿ ‘ಹುಲ್ಲು ನೆಡುವುದು’, ಕೊಂಡು ಆಸೆ ತೀರಿಸಿಕೊಳ್ಳುವುದಕ್ಕೆ ‘ಹುಲ್ಲು ಕೀಳುವುದು’. ಸಣ್ಣ ಬ್ರ್ಯಾಂಡ್ ಶುರು ಮಾಡಬೇಕಾದ್ದು ಇಲ್ಲಿಂದಲೇ.

ಮಾನ್ಸೂನ್ಡ್ ಮಲಬಾರ್ ಕಾಫಿಯನ್ನೇ ತೆಗೆದುಕೊಳ್ಳೋಣ. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಹರಡಿಟ್ಟಾಗ ಬೀಜ ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಹುಳಿ ಇಳಿಯುತ್ತದೆ. ಚೀನಾದ ಕಾಫಿಪ್ರಿಯರಿಗೆ ಇದು ಹೊಸದಲ್ಲ. ‘ಫೆಂಗ್ ಝಿ ಮಲಬ’ ಎಂಬ ಹೆಸರು ಆಗಲೇ ಚಾಲ್ತಿಯಲ್ಲಿದೆ, ಗಾಳಿಯಲ್ಲಿ ನೆನೆದ ಮಲಬಾರ್ ಎಂದರ್ಥ. ನೀವು ಹೊಸ ಅನುವಾದ ಹುಟ್ಟಿಸಲು ಹೋಗಬೇಡಿ. ಜನ ಹುಡುಕುವ ಪದವೇ ನಿಮ್ಮ ಶೀರ್ಷಿಕೆಯಲ್ಲಿ ಇರಬೇಕು.

ಶೀರ್ಷಿಕೆಗೆ ಇರುವ ಜಾಗ 20 ಅಕ್ಷರ. ಅದರಲ್ಲಿ ಕಾಫಿಯ ಹೆಸರು ಮತ್ತು ‘ಹುಳಿಗೆ ಹೆದರುವವರಿಗೆ’ ಎಂಬ ಮಾತು ಬಂದರೆ ಸಾಕು. ಬ್ರ್ಯಾಂಡಿನ ಹೆಸರು ಒಳಗಿನ ಬರಹದಲ್ಲಿರಲಿ. ಕವರ್ ಫೋಟೊ ನಿಂತ ಆಕಾರದ್ದು, 3:4 ಅನುಪಾತ, 1242×1660 ಪಿಕ್ಸೆಲ್. ಮೊಬೈಲಿನಲ್ಲಿ ನೋಟ್‌ಗಳು ಎರಡು ಕಾಲಮ್‌ಗಳಲ್ಲಿ ಬರುವುದರಿಂದ ಕವರ್ ಕಾಣುವುದು ಅರ್ಧ ಪರದೆಯಷ್ಟೇ. ಅದರ ಮೇಲಿನ ಮಾತು ಏಳೆಂಟು ಅಕ್ಷರ ಮೀರಿದರೆ ಓದಲಾಗದು. ಒಂದು ಕಡೆ ಸಾಮಾನ್ಯ ಹಸಿರು ಬೀಜ, ಇನ್ನೊಂದು ಕಡೆ ಉಬ್ಬಿದ ಹೊಂಬಣ್ಣದ ಬೀಜ, ಎರಡನ್ನೂ ಕಿಟಕಿ ಬೆಳಕಿನಲ್ಲಿ ಅಂಗೈ ಮೇಲಿಟ್ಟು ತೆಗೆದ ಫೋಟೊ ಸ್ಟುಡಿಯೊ ಪೋಸ್ಟರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಲೋಗೊ ಕಂಡೊಡನೆ ಬೆರಳು ಮುಂದಕ್ಕೆ ಸರಿಯುತ್ತದೆ. ವ್ಯವಸ್ಥೆಯೂ ಹೊಸ ನೋಟನ್ನು ಮೊದಲು ಸ್ವಲ್ಪ ಜನಕ್ಕೆ ತೋರಿಸಿ ನೋಡುವುದು. ಅವರು ತೆರೆಯದಿದ್ದರೆ ಅಲ್ಲೇ ನಿಂತಿತು.

ಉಳಿದ ಫೋಟೊಗಳು ಐದಾರು ಇದ್ದರೆ ಸಾಕು: ಹುರಿದ ದಿನಾಂಕ ಕಾಣುವಂತೆ ಪೊಟ್ಟಣದ ಹಿಂಬದಿ, 15 ಗ್ರಾಂ ತೋರಿಸುವ ತಕ್ಕಡಿ, ಪುಡಿಯ ತರಿ ಹತ್ತಿರದಿಂದ, ನೀರು ಸುರಿಯುವ ಗಳಿಗೆ, ಹಾಲು ಬೆರೆಸಿದ ಲೋಟ, ಗೋದಾಮಿನಲ್ಲಿ ಬೀಜ ಹರಡಿರುವ ದೃಶ್ಯ. ಫೋಟೊ ಮೇಲಿನ ಚೀನಿ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಬಂದ ಫಾಂಟನ್ನೇ ಬಳಸಬೇಡಿ. ಅಂಥ ಹಲವು ಫಾಂಟುಗಳಿಗೆ ವಾಣಿಜ್ಯ ಬಳಕೆಯ ಲೈಸೆನ್ಸ್ ಬೇಕು, ಕೇಸು ಹಾಕುವವರಿದ್ದಾರೆ. ಅಡೋಬಿ ಮತ್ತು ಗೂಗಲ್ 2014ರಲ್ಲಿ ಉಚಿತವಾಗಿ ಬಿಟ್ಟ ಸೋರ್ಸ್ ಹಾನ್ ಸಾನ್ಸ್ ಸಾಕಾಗುತ್ತದೆ. ಎಐನಿಂದ ಮಾಡಿದ ಚಿತ್ರವಾದರೆ 2025ರ ಸೆಪ್ಟೆಂಬರ್ 1ರಿಂದ ಹಾಗೆಂದು ಗುರುತು ಹಾಕುವುದು ಕಡ್ಡಾಯ.

ಬರಹಕ್ಕೆ 1,000 ಅಕ್ಷರದ ಮಿತಿ ಇದೆ, 300ರಿಂದ 400 ಸಾಕು. ಮೊದಲ ಎರಡು ಸಾಲಿನಲ್ಲಿ ಇದು ಯಾರಿಗೆ ಎಂದು ಹೇಳಿ. ಆಮೇಲೆ ಮಾಡುವ ವಿಧಾನ: 15 ಗ್ರಾಂ ಪುಡಿ, 90 ಡಿಗ್ರಿಯ 225 ಮಿಲಿಲೀಟರ್ ನೀರು, ಮೊದಲು 30 ಮಿಲಿ ಸುರಿದು ಅರ್ಧ ನಿಮಿಷ ಕಾಯುವುದು, ಒಟ್ಟು ಎರಡೂವರೆ ನಿಮಿಷ. ಇಂಥ ಅಳತೆಗಾಗಿ ಜನ ನೋಟನ್ನು ‘ಸೇವ್’ ಮಾಡಿಟ್ಟುಕೊಳ್ಳುತ್ತಾರೆ, ಸೇವ್ ಆದ ನೋಟ್ ತಿಂಗಳುಗಳ ಕಾಲ ಹುಡುಕಾಟದಲ್ಲಿ ಬದುಕಿರುತ್ತದೆ. ಕೊನೆಗೆ ಕೊರತೆಯನ್ನೂ ಬರೆಯಿರಿ: ಹೂವಿನ, ಹಣ್ಣಿನ ಪರಿಮಳ ಬಯಸುವವರಿಗೆ ಈ ಕಾಫಿ ಮಣ್ಣುಮಣ್ಣು ಎನಿಸಬಹುದು. ಇದನ್ನು ಬರೆಯಲು ಕಂಪನಿಗಳು ಹಿಂಜರಿಯುತ್ತವೆ, ಆದರೆ ಬರಹಕ್ಕೆ ನಂಬಿಕೆ ಬರುವುದೇ ಈ ಸಾಲಿನಿಂದ. ಟ್ಯಾಗ್ ಐದರಿಂದ ಎಂಟು ಇರಲಿ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಜನ ಬಿಡುವಾಗಿ ಮೊಬೈಲ್ ಹಿಡಿಯುವ ರಾತ್ರಿ 8ರಿಂದ 10 ಎಂದರೆ ನಮಗೆ ಸಂಜೆ 5.30ರಿಂದ 7.30. ನೋಟ್ ಹಾಕಿದ ಮೊದಲ ಎರಡು ಗಂಟೆ ಕಾಮೆಂಟಿಗೆ ಉತ್ತರಿಸಲು ಒಬ್ಬರು ಕೂತಿರಬೇಕು.

ಬರೆಯಬಾರದ ಮಾತು

2015ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಪರಿಷ್ಕೃತ ಜಾಹೀರಾತು ಕಾಯ್ದೆಯ 9ನೇ ವಿಧಿ ‘ಅತ್ಯುತ್ತಮ’, ‘ಅತ್ಯುನ್ನತ ಮಟ್ಟದ’, ‘ರಾಷ್ಟ್ರಮಟ್ಟದ’ ಎಂಬ ಪದಗಳನ್ನು ನಿಷೇಧಿಸುತ್ತದೆ. ದಂಡ 2 ಲಕ್ಷದಿಂದ 10 ಲಕ್ಷ ಯುವಾನ್. ನಮ್ಮ ಪೊಟ್ಟಣಗಳ ಮೇಲೆ ಸಲೀಸಾಗಿ ಬರುವ ‘ಭಾರತದ ನಂ. 1’ ಅನುವಾದದಲ್ಲಿ ಹಾಗೇ ಉಳಿದುಬಿಡುತ್ತದೆ, ಹುಡುಕಿ ತೆಗೆಸಿ. ಆಹಾರಕ್ಕೆ ರೋಗ ವಾಸಿ ಮಾಡುವ ಗುಣ ಹೇಳುವಂತಿಲ್ಲ. ಕಾಫಿಯ ಜೊತೆ ಶುಂಠಿ, ಅಶ್ವಗಂಧ ಬೆರೆಸಿ ಮಾರುವವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ನಕ್ಷೆ ಬೇಡವೇ ಬೇಡ. ಭಾರತದ ಅಧಿಕೃತ ನಕ್ಷೆಗೆ ಹೊಂದದ ಗಡಿ ಪ್ರಕಟಿಸುವುದು ಇಲ್ಲಿ ಅಪರಾಧ, ಚೀನಾದ ನಕ್ಷೆಗೆ ಹೊಂದದ್ದು ಅಲ್ಲಿ ತಪ್ಪು. ಎರಡೂ ಕಡೆ ಒಪ್ಪುವ ನಕ್ಷೆ ಇಲ್ಲ. ತೋಟ ಎಲ್ಲಿದೆ ಎಂದು ತೋರಿಸಲು ಬಾಬಾಬುಡನ್‌ಗಿರಿಯ ಬೆಟ್ಟದ ಫೋಟೊ ಹಾಕಿ. ವೆಬ್‌ಸೈಟಿನ ‘ದೇಶ ಆರಿಸಿ’ ಪಟ್ಟಿಯನ್ನೂ ನೋಡಿಕೊಳ್ಳಿ. ಟಿಬೆಟ್, ಹಾಂಗ್‌ಕಾಂಗ್, ಮಕಾವ್, ತೈವಾನ್‌ಗಳನ್ನು ಪ್ರತ್ಯೇಕ ದೇಶಗಳೆಂದು ತೋರಿಸಿದ್ದಕ್ಕೆ 2018ರ ಜನವರಿಯಲ್ಲಿ ಮ್ಯಾರಿಯಟ್ ಹೋಟೆಲಿನ ಚೀನಿ ವೆಬ್‌ಸೈಟನ್ನು ಒಂದು ವಾರ ಮುಚ್ಚಿಸಲಾಯಿತು. ಅದೇ ವರ್ಷ ನವೆಂಬರಿನಲ್ಲಿ, ಚಾಪ್‌ಸ್ಟಿಕ್ ಹಿಡಿದು ಪಿಜ್ಜಾ ತಿನ್ನಲು ಪರದಾಡುವ ಚೀನಿ ಯುವತಿಯ ವಿಡಿಯೊ ಹಾಕಿದ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಆ್ಯಂಡ್ ಗಬಾನಾ ತನ್ನ ಶಾಂಘೈ ಪ್ರದರ್ಶನವನ್ನೇ ರದ್ದು ಮಾಡಬೇಕಾಯಿತು. ಕ್ಯಾಲೆಂಡರಿನಲ್ಲಿ ಡಿಸೆಂಬರ್ 13ಕ್ಕೆ, ನಾನ್‌ಜಿಂಗ್ ಹತ್ಯಾಕಾಂಡದ ಸ್ಮರಣೆಯ ದಿನಕ್ಕೆ, ಗುರುತು ಹಾಕಿಕೊಳ್ಳಿ. ಅವತ್ತು ಆಫರ್, ಹಬ್ಬದ ಮಾತು ಸಲ್ಲದು.

ಬೇರೆಯವರಿಂದ ಬರೆಸುವುದು

ನಿಮ್ಮ ಪುಟದಲ್ಲಿ ಕನಿಷ್ಠ 12ರಿಂದ 15 ನೋಟ್ ಆಗುವವರೆಗೆ ಬ್ಲಾಗರುಗಳ ಬಳಿ ಹೋಗಬೇಡಿ. ಅವರ ಬರಹ ಓದಿ ಬಂದವರು ಖಾಲಿ ಪುಟ ಕಂಡು ವಾಪಸ್ ಹೋಗುತ್ತಾರೆ. ವಾರಕ್ಕೆ ಮೂರರಂತೆ ಹಾಕಿದರೆ ಐದು ವಾರದ ಕೆಲಸ. ಆಮೇಲೆ ಲಕ್ಷಾಂತರ ಫಾಲೋವರ್ ಇರುವ ಒಬ್ಬರಿಗೆ ಕೊಡುವ ಹಣವನ್ನು ಸಾವಿರದಿಂದ ಹತ್ತು ಸಾವಿರ ಫಾಲೋವರ್ ಇರುವ ಇಪ್ಪತ್ತು ಜನಕ್ಕೆ ಹಂಚಿ. ಹುಡುಕಿದಾಗ ಒಂದು ದನಿಗಿಂತ ಇಪ್ಪತ್ತು ದನಿ ಕೇಳಿಸಿದರೆ ಬ್ರ್ಯಾಂಡ್ ಬದುಕಿದೆ ಎನಿಸುತ್ತದೆ. ಆರಿಸುವಾಗ ಫಾಲೋವರ್ ಸಂಖ್ಯೆ ನೋಡಬೇಡಿ, ಕೊನೆಯ ಹತ್ತು ನೋಟ್‌ಗಳ ಕಾಮೆಂಟು ಓದಿ. ‘ಚಂದ’, ‘ಬೇಕು’ ಎಂಬ ಒಂದೇ ಪದದ ಕಾಮೆಂಟು ಐದು ನಿಮಿಷದಲ್ಲಿ ನಲವತ್ತು ಬಂದಿದ್ದರೆ ಅವು ಕೊಂಡವು. ‘ಯಾವ ಗ್ರೈಂಡರ್?’, ‘ಹಾಲಿಗೆ ಹೊಂದುತ್ತದಾ?’ ಎಂದು ಕೇಳಿದ್ದರೆ ಅವರು ನಿಮಗೆ ಬೇಕಾದ ಓದುಗರು.

ಹಣ ಕೊಟ್ಟು ಬರೆಸುವುದನ್ನು ಆ್ಯಪ್‌ನದೇ ವ್ಯವಸ್ಥೆಯಲ್ಲಿ ದಾಖಲಿಸಿ. ಅದರ ಹೆಸರು ಪುಗೊಂಗ್‌ಯಿಂಗ್. ಗುಟ್ಟಾಗಿ ಬರೆಸಿದ ನೋಟ್ ಸಿಕ್ಕಿಬಿದ್ದರೆ ಅದು ಹರಡದಂತೆ ತಡೆಯುತ್ತಾರೆ. 2023ರ ಮೇ 1ರ ನಿಯಮದಂತೆ ಅನುಭವ ಹಂಚಿಕೆಯ ರೂಪದ ಬರಹದಲ್ಲಿ ಖರೀದಿ ಲಿಂಕ್ ಇದ್ದರೆ ‘ಜಾಹೀರಾತು’ ಎಂಬ ಗುರುತು ಇರಲೇಬೇಕು.

ಉಳಿದ ವೇದಿಕೆಗಳು ನಂತರದ ಮಾತು. ವೀಚಾಟ್ ಕೊಂಡವರನ್ನು ಉಳಿಸಿಕೊಳ್ಳುವ ಜಾಗ. ಸರ್ವಿಸ್ ಖಾತೆಯಿಂದ ತಿಂಗಳಿಗೆ ನಾಲ್ಕೇ ಬಾರಿ ಎಲ್ಲರಿಗೂ ಸಂದೇಶ ಕಳಿಸಬಹುದು. ಅದರ ಕ್ಯೂಆರ್ ಕೋಡನ್ನು ಶಿಯಾವ್‌ಹೊಂಗ್‌ಶು ನೋಟಿನಲ್ಲಿ ಹಾಕಿದರೆ ಗ್ರಾಹಕರನ್ನು ಹೊರಗೆ ಸೆಳೆಯುತ್ತೀರಿ ಎಂದು ದಂಡನೆ ಬೀಳುತ್ತದೆ. ಚೀಟಿಯಲ್ಲಿ ಅಚ್ಚುಹಾಕಿಸಿ ಪೊಟ್ಟಣದೊಳಗೆ ಇಡಿ. ಟಿಕ್‌ಟಾಕ್‌ನ ಚೀನಾ ರೂಪವಾದ ಡೌಯಿನ್‌ಗೆ ದಿನವೂ ವಿಡಿಯೊ ಮತ್ತು ಲೈವ್ ಮಾರಾಟಕ್ಕೆ ತಂಡ ಬೇಕು, ಮೊದಲ ವರ್ಷ ಬೇಡ. ವೀಬೊದಲ್ಲಿ ಅಧಿಕೃತ ಖಾತೆ ತೆರೆದಿಟ್ಟಿರಿ, ಏನಾದರೂ ಎಡವಟ್ಟಾದರೆ ಸ್ಪಷ್ಟನೆ ಕೊಡಲು ಜಾಗ ಬೇಕಾಗುತ್ತದೆ.

ತಿಂಗಳಿಗೊಮ್ಮೆ ನಿಮ್ಮ ಖಾತೆ ಇಲ್ಲದ ಬೇರೆ ಫೋನಿನಲ್ಲಿ ಮೂರು ಪದ ಹುಡುಕಿಸಿ: ಬ್ರ್ಯಾಂಡಿನ ಹೆಸರು, ‘ಫೆಂಗ್ ಝಿ ಮಲಬ’, ‘ಹುಳಿ ಇಲ್ಲದ ಕಾಫಿ’. ಪ್ರತಿಯೊಂದಕ್ಕೂ ಮೇಲಿನ ಹತ್ತು ನೋಟ್‌ಗಳ ಸ್ಕ್ರೀನ್‌ಶಾಟ್ ತರಿಸಿಕೊಂಡು, ಕಾಮೆಂಟುಗಳಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಸಿ. ಮುಂದಿನ ತಿಂಗಳ ಹನ್ನೆರಡು ನೋಟ್‌ಗಳ ವಿಷಯ ಆ ಹಾಳೆಯಲ್ಲೇ ಸಿಗುತ್ತದೆ.