ಕ್ಯಾಶುವಾಲ್ಟಿಯಲ್ಲೇ ಸ್ವಾಬ್: ನನ್ನ ಅನುಭವ

ನಾನು ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಷಿಯನ್. ಜುಲೈ ಬಂತು ಅಂದ್ರೆ ಕ್ಯಾಶುವಾಲ್ಟಿ ತುಂಬಾ ಜ್ವರದವರೇ. ಡೆಂಗಿನಾ, ಇಲಿ ಜ್ವರಾನಾ, ಫ್ಲೂನಾ ಅಂತ ಮೊದಲ ದಿನ ಮುಖ ನೋಡಿ ಹೇಳೋದು ಕಷ್ಟ.

ಮೊದಲೆಲ್ಲ ಅಡ್ಮಿಟ್ ಮಾಡಿ ವಾರ್ಡಿಗೆ ಕಳಿಸುತ್ತಿದ್ದೆವು, ಮಾರನೇ ದಿನ ರೌಂಡ್ಸಲ್ಲಿ ಯಾರಿಗಾದರೂ ಅನುಮಾನ ಬಂದರೆ ಮೂಗಿಗೆ ಕಡ್ಡಿ ಹಾಕಿ ಸ್ವಾಬ್ ತೆಗೆದು ಆರ್‌ಟಿ-ಪಿಸಿಆರ್‌ಗೆ (ವೈರಸ್‌ನ ಜೀನ್ ಹುಡುಕುವ ಲ್ಯಾಬ್ ಟೆಸ್ಟ್) ಹೊರಗೆ ಕಳಿಸುತ್ತಿದ್ದೆವು. ವರದಿ ಬರುವ ಹೊತ್ತಿಗೆ ರೋಗಿ ಮನೆ ಸೇರಿರುತ್ತಿದ್ದರು, ಇಲ್ಲಾ ಐಸಿಯು. ಫ್ಲೂಗೆ ಕೊಡುವ ಔಷಧಿ ಒಸೆಲ್ಟಾಮಿವಿರ್, ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಉಪಯೋಗ ಜಾಸ್ತಿ. ನಮ್ಮಲ್ಲಿಗೆ ಬರುವವರು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಎರಡು ದಿನ ಕಳೆದೇ ಬರೋದು. ಅದರ ಮೇಲೆ ನಾವೂ ಒಂದು ದಿನ ಕೂತರೆ ಹೇಗೆ, ಅಲ್ವಾ?

ವೈರಸ್‌ನ ಪ್ರೋಟೀನ್ ಹಿಡಿದು ಅಲ್ಲೇ ಉತ್ತರ ಹೇಳುವ ಆಂಟಿಜೆನ್ ಕಿಟ್ ತರಿಸಿ ಕ್ಯಾಶುವಾಲ್ಟಿಯಲ್ಲೇ ಇಟ್ಟೆವು. ಇನ್‌ಫ್ಲುಯೆಂಜಾ (ಅದೇ ಫ್ಲೂ) ಎ, ಬಿ, ಕೋವಿಡ್ ಮೂರೂ ಒಂದೇ ಕ್ಯಾಸೆಟ್‌ನಲ್ಲಿ (ಗೆರೆ ಮೂಡುವ ಪ್ಲಾಸ್ಟಿಕ್ ಪಟ್ಟಿ), 15 ನಿಮಿಷಕ್ಕೆ ಉತ್ತರ. ಬೆಡ್ ಕೊಡುವ ಮೊದಲೇ ಸ್ವಾಬ್. ಮೊದಲ ವಾರ ಎಲ್ಲಾ ನೆಗೆಟಿವ್! ನಿಂತು ನೋಡಿದರೆ ನಮ್ಮ ಹುಡುಗರು ಮೂಗಿನ ತುದಿ ಸವರಿ ಬಿಡುತ್ತಿದ್ದರು. ಕಡ್ಡಿ ಮೇಲಕ್ಕೆ ಹೋಗಬಾರದು. ನೆಟ್ಟಗೆ ಹಿಂದಕ್ಕೆ, ತಡೆ ಸಿಗುವವರೆಗೆ ಹೋಗಬೇಕು, ಅಲ್ಲೇ ಕೆಲವು ಸೆಕೆಂಡ್ ತಿರುಗಿಸಬೇಕು. ರೋಗಿಯ ಕಣ್ಣಲ್ಲಿ ನೀರು ಬರುತ್ತದೆ, ಬೈಯುತ್ತಾರೆ, ಬೈಸಿಕೊಳ್ಳಬೇಕು. ಕೊನೆಗೆ ಸಿಸ್ಟರ್ ಒಬ್ಬರ ಕೈಲಿ ನನ್ನ ಮೂಗಿಗೇ ಹಾಕಿಸಿಕೊಂಡು ತೋರಿಸಿದೆ. ಆ ದಿನ ಎಲ್ಲರಿಗೂ ಭಾರೀ ಖುಷಿ. ಇನ್ನೊಂದು, ಗಡಿಬಿಡಿಯಲ್ಲಿ ಮರೆತು ಒಂದು ಗಂಟೆ ಆದಮೇಲೆ ನೋಡಿದ ಕ್ಯಾಸೆಟ್‌ನ ಮಸುಕು ಗೆರೆ ಲೆಕ್ಕಕ್ಕಿಲ್ಲ. ಈಗ ಕ್ಯಾಸೆಟ್ ಮೇಲೇ ಟೈಮ್ ಬರೆಯುತ್ತೇವೆ.

ನಾನು ಎಡವಿದ್ದು ನೆಗೆಟಿವ್ ನಂಬಿ. 70 ದಾಟಿದ ಅಜ್ಜಿ, ಜ್ವರ ಬಂದು ಐದನೇ ದಿನ, ಆಂಟಿಜೆನ್ ನೆಗೆಟಿವ್. ಜನರಲ್ ವಾರ್ಡಿಗೆ ಹಾಕಿದೆ. ಮೂರು ದಿನಕ್ಕೆ ಪಕ್ಕದ ಬೆಡ್‌ನ ಸಕ್ಕರೆ ಕಾಯಿಲೆಯವರಿಗೆ ಜ್ವರ, ಕೆಮ್ಮು, ಆಮೇಲೆ ನೈಟ್ ಡ್ಯೂಟಿ ಸಿಸ್ಟರ್‌ಗೆ. ಆಗ ಅಜ್ಜಿಯ ಪಿಸಿಆರ್ ಕಳಿಸಿದರೆ ಇನ್‌ಫ್ಲುಯೆಂಜಾ ಎ. ದಿನ ಕಳೆದಂತೆ ಮೂಗಲ್ಲಿ ವೈರಸ್ ಕಡಿಮೆಯಾಗುತ್ತದೆ, ದೊಡ್ಡವರಲ್ಲಿ ಮಕ್ಕಳಷ್ಟು ಇರೋದೂ ಇಲ್ಲ, ಆಂಟಿಜೆನ್ ಟೆಸ್ಟ್ ಕೈಗೆ ಅದು ಸಿಗಲ್ಲ. ಓದಿ ಗೊತ್ತಿದ್ದದ್ದೇ. ಆದರೂ ನೆಗೆಟಿವ್‌ನ ಆ ಒಂಟಿ ಗೆರೆ ನೋಡಿ ಸುಮ್ನೆ ಸಮಾಧಾನ ಮಾಡಿಕೊಂಡಿದ್ದೆ.

ಈಗ ಸೀಸನ್‌ನಲ್ಲಿ ಪಾಸಿಟಿವ್ ಬಂದರೆ ನಂಬುತ್ತೇವೆ. ನೆಗೆಟಿವ್ ಬಂದವರು ವಯಸ್ಸಾದವರೋ, ಗರ್ಭಿಣಿಯೋ ಆಗಿದ್ದರೆ, ಆಕ್ಸಿಜನ್ ಇಳಿದಿದ್ದರೆ, ಪಿಸಿಆರ್ ಕಳಿಸಿ, ಅದಕ್ಕೆ ಕಾಯದೆ ಒಸೆಲ್ಟಾಮಿವಿರ್ 75 ಎಂಜಿ ದಿನಕ್ಕೆರಡು ಶುರು. ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸುತ್ತೇವೆ. ಮಾಸ್ಕ್, ಬೇರೆ ರೂಮು. ರೂಮಿಲ್ಲದಿದ್ದರೆ ಮೂಲೆ ಬೆಡ್, ಕಿಟಕಿ ತೆಗೆದು. ಈ ಕಿಟಕಿಯದ್ದೇ ದಿನಾ ಜಗಳ. ನಾನು ರೌಂಡ್ಸಲ್ಲಿ ತೆಗೆಸಿ ಆ ಕಡೆ ಹೋಗುತ್ತಿದ್ದ ಹಾಗೆ, ಎರಚಲು ಹೊಡೆಯುತ್ತೆ ಡಾಕ್ಟ್ರೇ ಅಂತ ರೋಗಿ ಕಡೆಯವರು ಮತ್ತೆ ಮುಚ್ಚುತ್ತಾರೆ.