ಹಿಕ್ಕೆಯಿಂದ ಕೃಷ್ಣಮೃಗಗಳ ನೆಂಟಸ್ತಿಕೆ ಹುಡುಕಿದ್ದು: ಮೈದನಹಳ್ಳಿಯಲ್ಲಿ ನನ್ನ ಅನುಭವ

ಕಾಡುಪ್ರಾಣಿಗಳ ರಕ್ತಸಂಬಂಧವನ್ನು ಹಿಕ್ಕೆಯಿಂದ ತಿಳಿಯಬಹುದು ಎಂದ ಕೂಡಲೇ ಎಲ್ಲರೂ ಪ್ರಯೋಗಾಲಯದ ಯಂತ್ರಗಳ ಬಗ್ಗೆ ಕೇಳುತ್ತಾರೆ. ನನ್ನ ಮಟ್ಟಿಗೆ ಅರ್ಧ ಕೆಲಸ ನೆಲದ ಮೇಲೆಯೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ; ಕೈಗೆತ್ತಿಕೊಂಡ ಹಿಕ್ಕೆ ಯಾವ ಪ್ರಾಣಿಯದು, ಗಂಡಿನದೋ ಹೆಣ್ಣಿನದೋ ಎಂಬುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ. ನಾನು ಈ ಕೆಲಸ ಮಾಡಿದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಲ್ಲಿ. 2007ರಲ್ಲಿ ಘೋಷಣೆಯಾದ ಈ ಹುಲ್ಲುಗಾವಲಿನ ವಿಸ್ತೀರ್ಣ 798 ಎಕರೆ ಮಾತ್ರ. ಸುತ್ತಲೂ ಹೊಲಗಳು, ಪಕ್ಕದಲ್ಲೇ ಆಂಧ್ರದ ಗಡಿ. ತುಂಗಭದ್ರೆಯ ದಡದಲ್ಲಿ ನೀರುನಾಯಿಗಳ ಮೇಲೆ ಇದೇ ಬಗೆಯ ಕೆಲಸ ಮಾಡುವವರಿಗೆ ಪ್ರಾಣಿ ಎಲ್ಲಿಂದ ಎಲ್ಲಿಗೆ ಹೋಗಿರಬಹುದೆಂದು ಊಹಿಸಲು ನದಿಯಾದರೂ ಇರುತ್ತದೆ. ಕೃಷ್ಣಮೃಗವಾದರೋ ಬೀಳು, ಹೊಲ, ರಸ್ತೆಗಳನ್ನು ದಾಟಿ ಯಾವ ದಿಕ್ಕಿಗೆ ಬೇಕಾದರೂ ಹೋದೀತು.

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ, ಹಿಕ್ಕೆ ಆಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಪಡೆದೇ ಕೆಲಸ ಆರಂಭಿಸಿದೆ.

ಬಲಿತು ಬೆನ್ನು ಕಪ್ಪಾದ ಗಂಡು, ತಾನು ಕಾಯುವ ನೆಲದಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಬಿಸಿಲಿಗೆ ಬಿಳಿಚಿಕೊಂಡ ಹಳೆಯ ಹಿಕ್ಕೆಗಳ ಗುಡ್ಡೆಯ ಮೇಲೆ ಆ ಬೆಳಗಿನವು ಕಪ್ಪಾಗಿ ಹೊಳೆಯುತ್ತಿರುತ್ತವೆ. ದೂರದಿಂದಲೇ ಕಾಣುವ ಈ ಗುಡ್ಡೆಗಳಿಂದಷ್ಟೇ ಮಾದರಿ ತುಂಬಿಕೊಂಡು ಬಂದರೆ ಡಬ್ಬಿಯೇನೋ ಬೇಗ ತುಂಬುತ್ತದೆ, ಆದರೆ ಕೆಲವೇ ಗಂಡುಗಳನ್ನು ಹಲವು ಬಾರಿ ಎಣಿಸಿದಂತಾಗುತ್ತದೆ. ಹೆಣ್ಣುಗಳು ಲೆಕ್ಕದಲ್ಲಿ ಇರುವುದೇ ಇಲ್ಲ. ಆದ್ದರಿಂದ ಬೆಳಗಿನ ಹೊತ್ತು ಹೆಣ್ಣುಗಳ ಹಿಂಡು ಮೇಯುವುದನ್ನು ದುರ್ಬೀನಿನಲ್ಲಿ ನೋಡುತ್ತಾ ಕೂತು, ಯಾವುದು ಎಲ್ಲಿ ಹಿಕ್ಕೆ ಹಾಕಿತೆಂದು ಪಕ್ಕದ ಕಲ್ಲನ್ನೋ ಪೊದೆಯನ್ನೋ ಗುರುತಿಟ್ಟುಕೊಂಡು, ಹಿಂಡು ತಾನಾಗಿ ಮುಂದೆ ಸಾಗಿದ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಇದಕ್ಕೆ ತಾಳ್ಮೆಯೊಂದೇ ದಾರಿ. ಹಿಂಡನ್ನು ಬೆದರಿಸಿ ಓಡಿಸಿ ಹಿಕ್ಕೆ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕುರಿಗಳ ಕಾಟ ಬೇರೆ. ಕುರಿ ಮೇಕೆಗಳ ಹಿಕ್ಕೆಯನ್ನೂ ಕೃಷ್ಣಮೃಗದ್ದನ್ನೂ ಬರಿಗಣ್ಣಿನಿಂದ ನಂಬಿಕೆಯಾಗುವಂತೆ ಬೇರ್ಪಡಿಸಲಾಗದು. ಅಂಚಿನ ಬೀಳಿನಲ್ಲಿ ನಾನು ಬಗ್ಗಿದಾಗಲೆಲ್ಲ ಅಲ್ಲಿನ ಕುರಿಗಾಹಿಯೊಬ್ಬರು, “ಅದು ನಮ್ ಕುರೀದು ಕಣಣ್ಣಾ, ಜಿಂಕೇದು ಆ ದಿಬ್ಬದ ಮ್ಯಾಲೈತೆ” ಎಂದು ಕೂಗಿ ಹೇಳುತ್ತಿದ್ದರು. ಅವರ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡೆ; ಕೊನೆಯ ತೀರ್ಮಾನವನ್ನು ಮಾತ್ರ, ಹಿಕ್ಕೆ ಯಾವ ಜಾತಿಯ ಪ್ರಾಣಿಯದೆಂದು ತಿಳಿಸುವ ಮೈಟೊಕಾಂಡ್ರಿಯಾದ (ಜೀವಕೋಶದೊಳಗಿನ ಒಂದು ಭಾಗದ) ಡಿಎನ್‌ಎ ಪರೀಕ್ಷೆಗೆ ಬಿಟ್ಟೆ.

ಹಿಕ್ಕೆಯ ಹೊರಮೈಯ ತೆಳುವಾದ ಲೋಳೆಯಲ್ಲಿ ಕರುಳಿನಿಂದ ಕಳಚಿ ಬಂದ ಜೀವಕೋಶಗಳಿರುತ್ತವೆ. ನಮಗೆ ಬೇಕಾದದ್ದು ಅವೇ. ಒಳಗಿರುವ ಡಿಎನ್‌ಎ ಬಹುಪಾಲು ಹುಲ್ಲಿನದು ಮತ್ತು ಬ್ಯಾಕ್ಟೀರಿಯಾಗಳದ್ದು. ಆದ್ದರಿಂದ ಹಿಕ್ಕೆಯನ್ನು ಪುಡಿ ಮಾಡದೆ, ಪ್ರತಿ ಗುಂಪಿಗೂ ಹೊಸ ಕೈಗವಸು ತೊಟ್ಟು, ಹೊಸ ಕಡ್ಡಿಯಿಂದ ಎತ್ತಿ, ಆಲ್ಕೋಹಾಲ್ ತುಂಬಿದ ಪ್ರತ್ಯೇಕ ಕೊಳವೆಗೆ ಹಾಕಬೇಕು. ಆಲ್ಕೋಹಾಲ್ ತಾಗಿದರೆ ಪೆನ್ನಿನ ಬರಹ ಅಳಿಸಿಹೋಗುವುದರಿಂದ ಚೀಟಿಯ ಮೇಲೆ ಪೆನ್ಸಿಲಿನಲ್ಲೇ ಬರೆಯಬೇಕು. ಮಳೆಯಲ್ಲಿ ತೊಳೆದುಹೋದ ಹಿಕ್ಕೆಯನ್ನೂ ದಿನವಿಡೀ ಬಿಸಿಲಿಗೆ ಒಣಗಿದ್ದನ್ನೂ ನಾನು ಮುಟ್ಟಲಿಲ್ಲ.

ಪ್ರಯೋಗಾಲಯದಲ್ಲಿ ಮೈಕ್ರೋಸ್ಯಾಟಲೈಟ್ ಎಂಬ, ಡಿಎನ್‌ಎಯ ಗೊತ್ತಾದ ಸ್ಥಾನಗಳಲ್ಲಿರುವ ಪುನರಾವರ್ತಿತ ತುಣುಕುಗಳನ್ನು ಓದುತ್ತೇವೆ. ಪ್ರತಿ ಸ್ಥಾನದಲ್ಲೂ ತಂದೆಯಿಂದ ಬಂದದ್ದೊಂದು, ತಾಯಿಯಿಂದ ಬಂದದ್ದೊಂದು ಇರುತ್ತದೆ. ಹಿಕ್ಕೆಯ ಡಿಎನ್‌ಎ ಕಡಿಮೆಯೂ ಹರಿದದ್ದೂ ಆಗಿರುವುದರಿಂದ ಕೆಲವೊಮ್ಮೆ ಎರಡರಲ್ಲಿ ಒಂದು ಮಾತ್ರ ಕಾಣಿಸಿಕೊಂಡು, ನಿಜವಾದ ತಾಯಿ–ಮರಿಯೂ ಪರಕೀಯರಂತೆ ತೋರುವುದುಂಟು. ಒಂದೇ ಮಾದರಿಯನ್ನು ಹಲವು ಬಾರಿ ಓದುವುದು ಇದಕ್ಕಾಗಿಯೇ. ಎಲ್ಲ ಸ್ಥಾನಗಳಲ್ಲೂ ಒಂದೇ ಆಗಿ ಬಂದ ಮಾದರಿಗಳನ್ನು ಒಂದೇ ಪ್ರಾಣಿಯವೆಂದು ಸೇರಿಸಿ, ಗಂಡುಗಳಲ್ಲಷ್ಟೇ ಇರುವ ವೈ ವರ್ಣತಂತುವಿನ ಗುರುತಿನಿಂದ ಗಂಡುಗಳನ್ನು ಬೇರ್ಪಡಿಸಿದ ಮೇಲೆಯೇ ಸಂಬಂಧದ ಲೆಕ್ಕ.

ರಕ್ತಸಂಬಂಧ ಎಷ್ಟು ಹತ್ತಿರದ್ದೆಂದು ತೋರಿಸುವ ಅಂಕಿಯೇ ಸಂಬಂಧಾಂಕ. ತಾಯಿ–ಮರಿಯ ನಡುವೆ ಅದು 0.5, ಒಂದೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದವುಗಳ ನಡುವೆ 0.25. ತಂದೆ ತಾಯಿ ಎರಡೂ ಒಂದೇ ಆದ ಒಡಹುಟ್ಟಿದವುಗಳಿಗೂ ಸರಾಸರಿ 0.5 ಬರುವುದರಿಂದ ಅಂಕಿಯೊಂದನ್ನೇ ನೋಡಿ ತಾಯಿ–ಮರಿ ಎಂದುಬಿಡಲಾಗದು. ಇದಕ್ಕಿಂತ ದೊಡ್ಡ ತೊಡಕು ಹೋಲಿಕೆಯ ಆಧಾರದ್ದು. ಈ ಅಂಕಿ ಸುತ್ತಲಿನ ಪ್ರಾಣಿಗಳಲ್ಲಿ ಆ ತುಣುಕುಗಳು ಎಷ್ಟು ಸಾಮಾನ್ಯ ಎಂಬುದಕ್ಕೆ ಹೋಲಿಸಿ ಬರುವಂಥದ್ದು. ಮೈದನಹಳ್ಳಿಯ ಪ್ರಾಣಿಗಳನ್ನು ಮೈದನಹಳ್ಳಿಯವುಗಳೊಂದಿಗೇ ಹೋಲಿಸಿದರೆ, ಅಲ್ಲಿರುವುದೆಲ್ಲ ಒಂದೇ ಬಳಗವಾಗಿದ್ದರೂ ಸರಾಸರಿ ಸೊನ್ನೆಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಹೊರಗಿನ ಹುಲ್ಲುಗಾವಲುಗಳ ಮಾದರಿಗಳನ್ನು ಆಧಾರವಾಗಿ ಸೇರಿಸದ ಯಾವ ವರದಿಯನ್ನೂ ನಾನು ಒಪ್ಪುವುದಿಲ್ಲ.

ಹಿಂಡಿನ ಹೆಣ್ಣುಗಳ ನಡುವಿನ ಸಂಬಂಧ ಗಂಡುಗಳ ನಡುವಿನದಕ್ಕಿಂತ ಹೆಚ್ಚಾಗಿದ್ದರೆ, ಹುಟ್ಟಿದ ಜಾಗ ಬಿಟ್ಟು ಹೋಗುವವು ಗಂಡುಗಳು ಎಂದು ತಿಳಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎಂಟು ರಾಜ್ಯಗಳ ಹಿಕ್ಕೆಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಗಂಡುಗಳೇ ಹೆಚ್ಚು ಚದುರುತ್ತವೆ, ಹೆಣ್ಣುಗಳು ಬಹುಮಟ್ಟಿಗೆ ಹುಟ್ಟಿದೆಡೆಯಲ್ಲೇ ಉಳಿಯುತ್ತವೆ ಎಂದು ಹೇಳಿತು. ಆದರೆ ಇಂಥ ಸರಾಸರಿಯಲ್ಲಿ ಹಲವು ತಲೆಮಾರುಗಳ ಓಡಾಟ ಕೂಡಿಕೊಂಡಿರುತ್ತದೆ. ಈ ವರ್ಷ ಎದ್ದ ಬೇಲಿಯನ್ನೋ ಅಗಲಗೊಂಡ ರಸ್ತೆಯನ್ನೋ ಗಂಡೊಂದು ದಾಟಿತೇ ಎಂಬುದು ಅದರಲ್ಲಿ ಕಾಣದು. ಅದಕ್ಕೆ, ಇಲ್ಲಿ ಸಿಕ್ಕಿಯೂ ಡಿಎನ್‌ಎಯಲ್ಲಿ ಬೇರೆ ಕಡೆಯ ಗುಂಪಿಗೆ ಹೆಚ್ಚು ಹೊಂದುವ ಪ್ರಾಣಿಯೊಂದು ಸಿಗಬೇಕು. ಹಿರಿಯ ಗಂಡುಗಳು ಓಡಿಸಿದ ಎಳೆಯ ಗಂಡುಗಳು ಒಟ್ಟಾಗಿ ಅಂಚಿನಲ್ಲಿ ಅಲೆಯುವುದರಿಂದ, ಈಗ ಸಂರಕ್ಷಿತ ಪ್ರದೇಶದ ಹೊರಗೆ, ರೈತರ ಒಪ್ಪಿಗೆ ಪಡೆದು, ಗಡಿಯ ಎರಡೂ ಬದಿಯ ಕಡಲೆಕಾಯಿ ಹೊಲಗಳ ಬದುಗಳಲ್ಲಿ ಹಿಕ್ಕೆ ಹುಡುಕುತ್ತಿದ್ದೇನೆ.